ಹಳೇ ಲಕ್ಷುರಿ ಕಾರು: ಯಾವ ರಿಪೇರಿ ಯಾರ ಕೈಗೆ, ಯಾವ ಸ್ಪೇರ್ ಯಾವ ಜಾಗಕ್ಕೆ

ನನ್ನ ಕಾರಿನ ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಇಂಜಿನ್‌ಗೆ ಗಾಳಿ ಹಂಚುವ ಭಾಗ, ಅದರ ಕೆಳಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ರಬ್ಬರ್ ಪೈಪ್ ಇದೆ. ಅದರಲ್ಲಿ ಇಂಜಿನ್ ತಂಪು ಮಾಡುವ ಕೂಲೆಂಟ್ ಹರಿಯುತ್ತದೆ. ಮೊದಲ ಸಲ ಸೋರಿದಾಗ ಕೈಗೆ ಸಿಕ್ಕ ಅಗ್ಗದ ಪೈಪ್ ಹಾಕಿಸಿದೆ. ಅದನ್ನು ಮುಟ್ಟಬೇಕು ಅಂದರೆ ಮ್ಯಾನಿಫೋಲ್ಡ್ ಪೂರ್ತಿ ಬಿಚ್ಚಬೇಕು, ಎರಡು ದಿನದ ಕೆಲಸ. 14 ತಿಂಗಳಿಗೆ ಅದೇ ಪೈಪ್, ಅದೇ ಜಾಗದಲ್ಲಿ ಮತ್ತೆ ಸೋರಿತು. ಮತ್ತೆ ಎರಡು ದಿನ. ಪೈಪಿನಲ್ಲಿ ಎಷ್ಟು ಉಳಿಸಿದೆ ಅಂತ ಲೆಕ್ಕ ಹಾಕುವುದಕ್ಕೆ ನನಗೆ ಧೈರ್ಯ ಬರಲಿಲ್ಲ.

ಅವತ್ತಿನಿಂದ ಯಾವ ರಿಪೇರಿ ಎದುರಾದರೂ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಭಾಗ ಎಷ್ಟು ಆಳದಲ್ಲಿದೆ? ಅಂದರೆ ಇದನ್ನು ತಲುಪಲು ಇನ್ನೇನೇನು ಬಿಚ್ಚಬೇಕು? ಎರಡನೆಯದು, ಇದು ಕೆಟ್ಟರೆ ಇದೊಂದೇ ಕೆಡುತ್ತದಾ, ಇಲ್ಲ ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿದ ಹಾಗೆ ಅಕ್ಕಪಕ್ಕದ್ದನ್ನೂ ಕೆಡಿಸುತ್ತದಾ?

ಹಳೇ ಲಕ್ಷುರಿ ಕಾರು ಇಟ್ಟುಕೊಂಡವರಲ್ಲಿ ಎರಡು ಪಂಗಡ ನೋಡಿದ್ದೇನೆ. ಒಬ್ಬರು ಕಂಪನಿ ಡಬ್ಬಿಯಲ್ಲಿ ಬಂದ ಸ್ಪೇರ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಇನ್ನೊಬ್ಬರು ಶೋರೂಮ್ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಇಬ್ಬರೂ ಕಾರಿಗೆಲ್ಲ ಸೇರಿ ಒಂದೇ ಸಲ ತೀರ್ಮಾನ ಮಾಡಿಬಿಟ್ಟಿದ್ದಾರೆ. ನನ್ನ ಪ್ರಕಾರ ಅಲ್ಲೇ ಎಡವುವುದು. ಕಾರು ಒಂದೇ ಆದರೂ ಅದರ ಕೆಲಸಗಳು ಒಂದೇ ಥರ ಇರುವುದಿಲ್ಲ.

ಆಳ ಎಷ್ಟು, ಹಾಳು ಎಷ್ಟು

1990ರ ದಶಕದ ಮರ್ಸಿಡಿಸ್ ಎಸ್ ಕ್ಲಾಸ್, ಅಂದರೆ ಡಬ್ಲ್ಯು140, ಅದರ ಏಸಿ ಇವ್ಯಾಪರೇಟರ್, ಅಂದರೆ ಗಾಳಿ ತಂಪು ಮಾಡುವ ಭಾಗ, ಸೋರುವುದು ಹೆಸರುವಾಸಿ ಕಾಯಿಲೆ. ಅದು ಕೂತಿರುವುದು ಡ್ಯಾಶ್‌ಬೋರ್ಡ್ ಹಿಂದೆ. ಇಡೀ ಡ್ಯಾಶ್‌ಬೋರ್ಡ್ ಕೆಳಗಿಳಿಸದೆ ಕೈಗೆ ಸಿಗುವುದಿಲ್ಲ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಆದರೆ ಅದು ಸೋರಿದರೆ ಹೋಗುವುದು ಏಸಿಯ ತಂಪು ಮಾತ್ರ. ಕಾರು ದಾರಿಯಲ್ಲಿ ನಿಲ್ಲುವುದಿಲ್ಲ, ಇಂಜಿನ್‌ಗೆ ಏನೂ ಆಗುವುದಿಲ್ಲ. ಆಳ ಜಾಸ್ತಿ, ಹಾಳು ಕಡಿಮೆ. ಸೆಖೆ ತಡೆಯುವಷ್ಟು ದಿನ ಕಾಯಬಹುದು.

ಇದಕ್ಕೆ ಪೂರ್ತಿ ಉಲ್ಟಾ ಇರುವುದು 1989ರಲ್ಲಿ ಬಂದ ಲೆಕ್ಸಸ್ ಎಲ್‌ಎಸ್400. ಈ ಕಾರಿನಷ್ಟು ಗಟ್ಟಿಯಾದದ್ದು ಕಡಿಮೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಪವರ್ ಸ್ಟೀರಿಂಗ್ ಪಂಪ್ ವಯಸ್ಸಾದ ಮೇಲೆ ಸೋರುತ್ತದೆ, ಮತ್ತು ಸರಿಯಾಗಿ ಅದರ ಕೆಳಗೇ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಇದೆ. ತೊಟ್ಟಿಕ್ಕಿದ ಎಣ್ಣೆ ಆಲ್ಟರ್ನೇಟರ್ ಒಳಗಿಳಿದು ಅದನ್ನು ಸಾಯಿಸುತ್ತದೆ. ಹೊಸ ಆಲ್ಟರ್ನೇಟರ್ ಹಾಕಿಸಿ, ಪಂಪ್ ಹಾಗೇ ಬಿಟ್ಟರೆ ಆ ಹೊಸದೂ ಅದೇ ಎಣ್ಣೆಯಲ್ಲಿ ಸ್ನಾನ ಮಾಡುತ್ತದೆ. ಕೆಟ್ಟದ್ದು ಯಾವುದು ಅನ್ನುವುದಕ್ಕಿಂತ ಕೆಡಿಸಿದ್ದು ಯಾವುದು ಅಂತ ಕೇಳಬೇಕು.

ಆಳವೂ ಜಾಸ್ತಿ, ಹಾಳೂ ಜಾಸ್ತಿ ಆದರೆ? ಬಿಎಂಡಬ್ಲ್ಯು ಎಂ62 ವಿ8 ಇಂಜಿನ್ ನೋಡಿ. ಇಂಜಿನ್ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಚೈನ್ ಅಡ್ಡಾದಿಡ್ಡಿ ಹೋಗದ ಹಾಗೆ ಹಿಡಿದಿಡುವ ಗೈಡ್‌ಗಳು ಪ್ಲಾಸ್ಟಿಕ್. ವರ್ಷಗಟ್ಟಲೆ ಬಿಸಿಯಲ್ಲಿದ್ದು ಅವು ಪೆಡಸಾಗಿ ಮುರಿಯುತ್ತವೆ. ತುಂಡುಗಳು ಆಯಿಲ್ ಸಂಪ್‌ಗೆ ಬೀಳುತ್ತವೆ, ಚೈನ್ ಸಡಿಲವಾಗುತ್ತದೆ. ಗೈಡಿನ ಬೆಲೆ ದೊಡ್ಡದಲ್ಲ, ಇಂಜಿನ್ ಮುಂಭಾಗ ಪೂರ್ತಿ ಬಿಚ್ಚುವ ಕೂಲಿ ದೊಡ್ಡದು. ಇಂಥ ಕಾರು ಕೊಳ್ಳುವ ಮೊದಲೇ ಈ ಕೆಲಸ ಆಗಿದೆಯಾ, ಬಿಲ್ ಇದೆಯಾ ಅಂತ ನೋಡಬೇಕು. ಬಿಲ್ ಇಲ್ಲ ಅಂದರೆ ಆ ಕೆಲಸ ಆಗಿಲ್ಲ ಅಂತಲೇ ಲೆಕ್ಕ. ಬಾಯಿ ಮಾತಿಗೆ ಇಲ್ಲಿ ಬೆಲೆ ಇಲ್ಲ. ಜಾಗ್ವಾರ್‌ನ ಮೊದಲ ಎಜೆ-ವಿ8 ಇಂಜಿನ್‌ಗಳಲ್ಲೂ ಟೈಮಿಂಗ್ ಚೈನ್ ಬಿಗಿಯಾಗಿ ಹಿಡಿಯುವ ಟೆನ್ಷನರ್‌ಗಳಿಗೆ ಪ್ಲಾಸ್ಟಿಕ್ ಮೈ ಇತ್ತು. ಅವು ಸೀಳುತ್ತವೆ, ಆಮೇಲೆ ಬಂದ ಲೋಹದ ಟೆನ್ಷನರ್‌ಗಳು ಸೀಳುವುದಿಲ್ಲ. ಅಲ್ಲಿ ಅದೃಷ್ಟವೆಂದರೆ, ಕ್ಯಾಮ್ ಕವರ್ ತೆಗೆದರೆ ಎರಡನೇ ಹಂತದ ಟೆನ್ಷನರ್ ಕಣ್ಣಿಗೆ ಕಾಣುತ್ತದೆ.

ಕೊನೆಯ ಉದಾಹರಣೆ ನನಗೆ ಅಚ್ಚುಮೆಚ್ಚು. ಆಳ ಇಲ್ಲ, ಆದರೆ ಬಿಟ್ಟರೆ ವನವೇ ಹಾಳು. 1996ರಿಂದ ಬಂದ ಮರ್ಸಿಡಿಸ್ 722.6 ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಪಕ್ಕದಲ್ಲಿ 13 ಪಿನ್ನಿನ ಒಂದು ಪ್ಲಗ್ ಇದೆ. ಅದರ ಸಣ್ಣ ರಬ್ಬರ್ ರಿಂಗ್ ಒಣಗಿದರೆ ಎಣ್ಣೆ ಹೊರಗೆ ಜಿನುಗುತ್ತದೆ. ಜಿನುಗುವುದಷ್ಟೇ ಅಲ್ಲ, ವೈರ್‌ಗಳ ಒಳಗಿಂದ ಮೇಲಕ್ಕೆ ಏರಿ ಗೇರ್‌ಬಾಕ್ಸ್ ಕಂಟ್ರೋಲ್ ಯೂನಿಟ್, ಅಂದರೆ ಅದನ್ನು ಆಡಿಸುವ ಸಣ್ಣ ಕಂಪ್ಯೂಟರ್, ಅದರ ತನಕ ಹೋಗುತ್ತದೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ. ಸಣ್ಣ ಪ್ಲಗ್ ಬದಲಿಸಿದರೆ ಮುಗಿಯುವ ಕೆಲಸ, ಬಿಟ್ಟರೆ ಕಂಟ್ರೋಲ್ ಯೂನಿಟ್‌ಗೆ ಕುತ್ತು. ಹಳೇ ಕಾರು ಮನೆಗೆ ತಂದ ಮೊದಲ ವಾರ ಇಂಥವನ್ನೇ ಹುಡುಕಿ ಮುಗಿಸಿ. ಪಾಲಿಶ್, ಸೀಟ್ ಕವರ್ ಎಲ್ಲ ಆಮೇಲೆ.

ಯಾರ ಕೈಗೆ ಕೊಡೋದು?

ಎದುರಿಗೆ ನಾಲ್ಕು ದಾರಿ ಇವೆ. ಕಂಪನಿ ಸರ್ವಿಸ್ ಸೆಂಟರ್, ಆ ಬ್ರ್ಯಾಂಡನ್ನೇ ಮಾಡುವ ಸ್ವತಂತ್ರ ಸ್ಪೆಷಲಿಸ್ಟ್, ಎಲ್ಲ ಕಾರನ್ನೂ ನೋಡುವ ಸಾಮಾನ್ಯ ಮೆಕ್ಯಾನಿಕ್, ಮತ್ತು ನೀವೇ.

ಸರ್ವಿಸ್ ಸೆಂಟರನ್ನು ಬೈಯುವುದು ಸುಲಭ. ಆದರೆ ಕೆಲವು ಕೆಲಸಕ್ಕೆ ಅಲ್ಲಿಗೇ ಹೋಗಬೇಕು. ಹೊಸ ಕೀ ಮಾಡಿಸುವುದು, ಕಳ್ಳತನ ತಡೆಯುವ ಇಮೊಬಿಲೈಸರ್, ಚಾಸಿ ನಂಬರಿಗೆ ಅಂಟಿಕೊಂಡ ಕಂಟ್ರೋಲ್ ಯೂನಿಟ್‌ಗಳ ಕೋಡಿಂಗ್, ರೀಕಾಲ್ ಕೆಲಸ. ಇನ್ನೊಂದು ಉದಾಹರಣೆ ಮರ್ಸಿಡಿಸ್ ಎಸ್‌ಬಿಸಿ ಬ್ರೇಕ್, ಅಂದರೆ ಕಂಪ್ಯೂಟರ್ ಮತ್ತು ಪಂಪ್ ಸೇರಿ ಒತ್ತಡ ಕೊಡುವ ಬ್ರೇಕ್. 2002ರಲ್ಲಿ ಬಂದ ಡಬ್ಲ್ಯು211 ಇ ಕ್ಲಾಸ್‌ನ ಮೊದಲ ವರ್ಷಗಳ ಕಾರುಗಳಲ್ಲಿ ಇದಿದೆ. ಅದರ ಪಂಪ್ ಯೂನಿಟ್ ನೀವು ಬ್ರೇಕ್ ಒತ್ತಿದ್ದನ್ನು ಎಣಿಸುತ್ತಾ ಹೋಗುತ್ತದೆ, ಲೆಕ್ಕ ತುಂಬಿದಾಗ ಎಚ್ಚರಿಕೆ ಕೊಡುತ್ತದೆ. ಆ ಎಣಿಕೆಯನ್ನು ಸಾಫ್ಟ್‌ವೇರಿನಲ್ಲಿ ಸೊನ್ನೆ ಮಾಡಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಲೆಕ್ಕ ಸೊನ್ನೆ ಆಗುತ್ತದೆ, ಪಂಪಿನ ವಯಸ್ಸು ಸೊನ್ನೆ ಆಗುವುದಿಲ್ಲ. ಆ ಬ್ರೇಕಿನಲ್ಲಿ ಪ್ಯಾಡ್ ಬದಲಿಸುವುದೂ ಅಪಾಯದ ಕೆಲಸ. ಮೊದಲು ಆ ವ್ಯವಸ್ಥೆಯನ್ನು ಸರಿಯಾದ ಕ್ರಮದಲ್ಲಿ ನಿಷ್ಕ್ರಿಯ ಮಾಡದಿದ್ದರೆ ಅದು ತಾನಾಗೇ ಒತ್ತಡ ಕೊಟ್ಟು ಬೆರಳನ್ನು ಜಜ್ಜಬಹುದು.

ಸರ್ವಿಸ್ ಸೆಂಟರಿನ ಕೊರತೆ ಬೇರೆ. ಅಲ್ಲಿನ ಈಗಿನ ಹುಡುಗರು ನಿಮ್ಮ ಕಾರು ಕಾರ್ಖಾನೆಯಿಂದ ಬಂದಾಗ ಶಾಲೆಗೆ ಹೋಗುತ್ತಿದ್ದರು. ಹೊಸ ಮಾಡೆಲ್‌ನಲ್ಲಿ ಅವರು ಚುರುಕು. ಹಳೆಯದು ಬಂದರೆ ಪುಸ್ತಕ ನೋಡಿ ಇಡೀ ಅಸೆಂಬ್ಲಿ ಬದಲಿಸುವ ಪಟ್ಟಿ ಕೊಡುತ್ತಾರೆ. ಮೋಸ ಮಾಡಬೇಕು ಅಂತಲ್ಲ, ಬಿಚ್ಚಿ ಒಳಗಿನ ಸೀಲ್ ಬದಲಿಸುವುದು ಅವರ ಪದ್ಧತಿಯಲ್ಲೇ ಇಲ್ಲ.

ಸ್ಪೆಷಲಿಸ್ಟ್ ಸಿಕ್ಕರೆ ಅರ್ಧ ಯುದ್ಧ ಗೆದ್ದ ಹಾಗೆ. ಆದರೆ ಬೋರ್ಡ್ ಹಾಕಿಕೊಂಡವರೆಲ್ಲ ಸ್ಪೆಷಲಿಸ್ಟ್ ಅಲ್ಲ. ನಾನು ಪರೀಕ್ಷೆ ಮಾಡುವುದು ಹೀಗೆ. ಕಾರಿನ ತೊಂದರೆ ಹೇಳಿದಾಗ ಅವರು ತಕ್ಷಣ ಭಾಗದ ಹೆಸರು ಹೇಳುತ್ತಾರಾ, ಇಲ್ಲ ಮರುಪ್ರಶ್ನೆ ಹಾಕುತ್ತಾರಾ? ತಣ್ಣಗಿದ್ದಾಗ ಬರುತ್ತದಾ, ಬಿಸಿಯಾದ ಮೇಲಾ? ಏಸಿ ಹಾಕಿದಾಗ ಮಾತ್ರಾನಾ? ಸ್ಟೀರಿಂಗ್ ತಿರುಗಿಸಿದಾಗಾ? ಪ್ರಶ್ನೆ ಕೇಳುವವರ ಹತ್ತಿರ ಕಾರು ಬಿಟ್ಟು ಬರಬಹುದು. ಆಮೇಲೆ ಅವರ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್ ಓದುವ ಸಾಧನ, ನೋಡುತ್ತೇನೆ. ಬಿಎಂಡಬ್ಲ್ಯುಗೆ ಇನ್ಪಾ ಅಥವಾ ಇಸ್ಟಾ, ಮರ್ಸಿಡಿಸ್‌ಗೆ ಎಕ್ಸೆಂಟ್ರಿ, ಆಡಿಗೆ ವಿಸಿಡಿಎಸ್ ಇರಬೇಕು. ಎಲ್ಲ ಕಂಪನಿಗೂ ಒಂದೇ ಥರ ದೋಷ ಓದುವ ಒಬಿಡಿ-2 ಪದ್ಧತಿ ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಕಡ್ಡಾಯವಾಯಿತು. ಆದರೆ ಅದರ ಸಾದಾ ರೀಡರ್ ಹೆಚ್ಚಾಗಿ ತೋರಿಸುವುದು ಇಂಜಿನ್ ಸುದ್ದಿ. ಸಸ್ಪೆನ್ಷನ್, ಏರ್‌ಬ್ಯಾಗ್, ಬಾಗಿಲು, ಸೀಟು, ಇವುಗಳ ಜೊತೆ ಮಾತಾಡಲು ಆಯಾ ಕಂಪನಿಯ ಭಾಷೆ ಬರುವ ಸಾಧನವೇ ಬೇಕು.

ಸ್ಕ್ಯಾನರ್ ಇದ್ದ ಮಾತ್ರಕ್ಕೆ ಸಾಲದು ಅನ್ನುವುದಕ್ಕೂ ಒಂದು ಮಾತು. ಪಿ0171 ಅಂತ ಕೋಡ್ ಬಂತು ಅನ್ನಿ. ಇಂಜಿನ್‌ಗೆ ಪೆಟ್ರೋಲಿಗಿಂತ ಗಾಳಿ ಜಾಸ್ತಿ ಸಿಗುತ್ತಿದೆ ಅಂತ ಅರ್ಥ. ಅಷ್ಟೇ ಅರ್ಥ. ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಅಂತ ಅದು ಹೇಳುತ್ತಿಲ್ಲ. ಹಳೇ ಕಾರಿನಲ್ಲಿ ಹೆಚ್ಚಾಗಿ ಯಾವುದೋ ಬಿರುಕು ಬಿಟ್ಟ ರಬ್ಬರ್ ಪೈಪಿನಿಂದ ಕಳ್ಳಗಾಳಿ ಒಳಗೆ ಹೋಗುತ್ತಿರುತ್ತದೆ. ಸ್ಮೋಕ್ ಟೆಸ್ಟ್ ಮಾಡಿದರೆ, ಅಂದರೆ ಇನ್‌ಟೇಕ್ ಒಳಗೆ ಹೊಗೆ ತುಂಬಿಸಿದರೆ, ಬಿರುಕಿದ್ದಲ್ಲಿ ಹೊಗೆ ಹೊರಗೆ ಬರುತ್ತದೆ. ಹತ್ತು ನಿಮಿಷದ ಕೆಲಸ. ಅದನ್ನು ಮಾಡದೆ ಸೆನ್ಸರ್ ಮೇಲೆ ಸೆನ್ಸರ್ ಬದಲಿಸುವ ಗ್ಯಾರೇಜಿಗೆ ಎರಡನೇ ಸಲ ಹೋಗಬೇಡಿ.

ಸಾಮಾನ್ಯ ಮೆಕ್ಯಾನಿಕನ್ನು ಹಗುರವಾಗಿ ಕಾಣಬೇಡಿ. ಬುಶ್, ಬಾಲ್ ಜಾಯಿಂಟ್, ಮಾಮೂಲಿ ಬ್ರೇಕ್, ಸೈಲೆನ್ಸರ್, ವೀಲ್ ಬೇರಿಂಗ್, ಇವೆಲ್ಲ ಲಕ್ಷುರಿ ಕಾರಿನಲ್ಲೂ ಕಬ್ಬಿಣ ಮತ್ತು ರಬ್ಬರ್ರೇ. ಕೈ ಪಳಗಿದವರು ಚೆನ್ನಾಗಿ ಮಾಡುತ್ತಾರೆ. ಒಂದು ವಿಷಯ ಮಾತ್ರ ಬಾಯಿಬಿಟ್ಟು ಹೇಳಿ. ಚಕ್ರ ಹಿಡಿದಿರುವ ಸಸ್ಪೆನ್ಷನ್ ಆರ್ಮ್‌ನ ಬೋಲ್ಟ್‌ಗಳನ್ನು ಕೊನೆಯಲ್ಲಿ ಬಿಗಿ ಮಾಡುವಾಗ ಕಾರಿನ ಭಾರ ಚಕ್ರದ ಮೇಲಿರಬೇಕು. ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬಿಗಿ ಮಾಡಿದರೆ ರಬ್ಬರ್ ಬುಶ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಆಮೇಲೆ ಸ್ಪೇರ್ ಸರಿ ಇಲ್ಲ ಅಂತ ದೂರುತ್ತೇವೆ.

ಇನ್ನು ನೀವೇ ಮಾಡುವುದು. ಆಯಿಲ್, ಫಿಲ್ಟರ್, ಸ್ಪಾರ್ಕ್ ಪ್ಲಗ್, ಬ್ಯಾಟರಿ, ಇವಕ್ಕೆ ಜಾಸ್ತಿ ವಿದ್ಯೆ ಬೇಡ. ನಿಮಗೇ ಬಿಟ್ಟ ಇನ್ನೊಂದು ಕೆಲಸ ಇದೆ, ಅದನ್ನು ಯಾವ ಗ್ಯಾರೇಜೂ ಮಾಡುವುದಿಲ್ಲ: ನೀರು ಹೋಗುವ ದಾರಿ ಶುಚಿ ಮಾಡುವುದು. ಸನ್‌ರೂಫ್‌ನ ಮೂಲೆಗಳಿಂದ ತೆಳು ಕೊಳವೆಗಳು ಕಂಬಗಳೊಳಗೆ ಇಳಿದು ಹೊರಗೆ ಹೋಗುತ್ತವೆ. ವಿಂಡ್‌ಸ್ಕ್ರೀನ್ ಕೆಳಗೂ ನೀರು ಹೋಗುವ ತೂತುಗಳಿವೆ. ಎಲೆ, ಕಸ ಕಟ್ಟಿಕೊಂಡರೆ ನೀರು ಒಳಗೆ ಬಂದು ಕಾರ್ಪೆಟ್ ಕೆಳಗೆ ನಿಲ್ಲುತ್ತದೆ. ಕಾರ್ಪೆಟ್ ಕೆಳಗೇ ಕಂಟ್ರೋಲ್ ಯೂನಿಟ್ ಇಟ್ಟ ಕಾರುಗಳೂ ಇವೆ, ಹಳೇ ಆಡಿಗಳಲ್ಲಿ ಈ ಕಥೆ ಮಾಮೂಲಿ. ವರ್ಷಕ್ಕೆರಡು ಸಲ ಒಂದು ಲೋಟ ನೀರು ನಿಧಾನವಾಗಿ ಸುರಿದು, ಕೆಳಗೆ ಬರುತ್ತದಾ ನೋಡಿದರೆ ಸಾಕು. ತೂತು ಕಟ್ಟಿದ್ದರೆ ಮೆತ್ತನೆಯ ನೈಲಾನ್ ತಂತಿ ಹಾಕಿ. ಜೋರು ಗಾಳಿ ಹೊಡೆದರೆ ಕೊಳವೆ ಒಳಗೇ ಕಳಚಿಕೊಳ್ಳಬಹುದು.

ಕೈ ಹಾಕಬಾರದ ಕಡೆಯೂ ಇದೆ. ಏರ್‌ಬ್ಯಾಗ್ ವೈರಿಗೆ ಮಲ್ಟಿಮೀಟರ್ ಹಚ್ಚಬೇಡಿ. ಸಸ್ಪೆನ್ಷನ್ ಸ್ಪ್ರಿಂಗನ್ನು ಒತ್ತಿ ಹಿಡಿದು ಬಿಚ್ಚುವ ಕೆಲಸ ಸರಿಯಾದ ಸಾಧನ ಇಲ್ಲದೆ ಬೇಡ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಇಡಿ. ಏರ್ ಸಸ್ಪೆನ್ಷನ್ ಕಾರಾದರೆ ಈ ಮಾತು ಎರಡು ಪಟ್ಟು.

ಡಬ್ಬಿ ಮೇಲಿನ ಹೆಸರು

ಕಾರು ಕಂಪನಿ ತನ್ನ ಕಾರಿನ ಎಲ್ಲ ಭಾಗವನ್ನೂ ತಾನೇ ಮಾಡುವುದಿಲ್ಲ. ಗೇರ್‌ಬಾಕ್ಸ್ ಝಡ್‌ಎಫ್‌ನದು, ಸಸ್ಪೆನ್ಷನ್ ಆರ್ಮ್ ಲೆಮ್‌ಫೋರ್ಡರ್‌ನದು, ಶಾಕ್ ಅಬ್ಸಾರ್ಬರ್ ಸ್ಯಾಕ್ಸ್ ಅಥವಾ ಬಿಲ್‌ಸ್ಟೈನ್‌ನದು, ರೇಡಿಯೇಟರ್ ಬೆಹ್ರ್‌ನದು, ಸೆನ್ಸರ್ ಬಾಷ್‌ನದು, ಹೀಗೆ. ಅದೇ ಭಾಗ ತಯಾರಕರ ಸ್ವಂತ ಡಬ್ಬಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಕೆಲವೊಮ್ಮೆ ಕಾರು ಕಂಪನಿಯ ಲಾಂಛನವನ್ನು ಉಜ್ಜಿ ತೆಗೆದ ಗುರುತೂ ಅದರ ಮೇಲೆ ಕಾಣುತ್ತದೆ. ಆಳದ ಕೆಲಸಕ್ಕೂ ನಾನು ಕಣ್ಣು ಮುಚ್ಚಿ ಇದನ್ನೇ ಆರಿಸುತ್ತೇನೆ. ನಿಮ್ಮ ಕಾರಿಗೆ ಆ ಭಾಗ ಮೊದಲು ಮಾಡಿಕೊಟ್ಟವರು ಯಾರು ಅಂತ ತಿಳಿಯಬೇಕಾದರೆ ಬಿಚ್ಚಿದ ಹಳೇ ಭಾಗವನ್ನು ಒರೆಸಿ ನೋಡಿ. ಬಹಳ ಸಲ ಹೆಸರು ಅಲ್ಲೇ ಅಚ್ಚಾಗಿರುತ್ತದೆ.

ಹಾಗಾದರೆ ಕಂಪನಿ ಡಬ್ಬಿ ಯಾವಾಗ? ಬೇರೆ ಯಾರೂ ಮಾಡದಿದ್ದಾಗ. ಬಾಗಿಲಿನ ರಬ್ಬರ್, ವಿಚಿತ್ರ ಆಕಾರದ ಪೈಪು, ಒಳಗಿನ ಕ್ಲಿಪ್ಪು, ವೈರಿಂಗ್. ಮರ್ಸಿಡಿಸ್ 1993ರಿಂದಲೇ ಫೆಲ್‌ಬಾಖ್‌ನಲ್ಲಿ ಹಳೇ ಕಾರುಗಳಿಗಾಗಿ ಒಂದು ಕ್ಲಾಸಿಕ್ ಸೆಂಟರ್ ನಡೆಸುತ್ತಿದೆ. ಬಿಎಂಡಬ್ಲ್ಯು, ಜಾಗ್ವಾರ್‌ಗೂ ಇಂಥ ವಿಭಾಗಗಳಿವೆ. ಹಾಗಂತ ಎಲ್ಲ ಮಾಡೆಲ್‌ಗೂ ಎಲ್ಲವೂ ಸಿಗುತ್ತದೆ ಅಂತಲ್ಲ. ಒಂದು ಎಚ್ಚರಿಕೆ: ಉಗ್ರಾಣದಲ್ಲಿ ಹದಿನೈದು ವರ್ಷ ಕೂತ ರಬ್ಬರ್ ಒರಿಜಿನಲ್ ಆದರೂ ಹಳೇ ರಬ್ಬರೇ. ತಯಾರಾದ ತಾರೀಖು ನೋಡಿ ತಗೊಳ್ಳಿ.

ಅಗ್ಗದ ನಕಲು ಭಾಗಕ್ಕೆ ಜಾಗವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕ್ಯಾಬಿನ್ ಫಿಲ್ಟರ್, ನಂಬರ್ ಪ್ಲೇಟ್ ದೀಪ, ಡಿಕ್ಕಿ ಎತ್ತಿ ಹಿಡಿಯುವ ಗ್ಯಾಸ್ ಶಾಕ್, ಇವು ಮೇಲೇ ಇವೆ, ಕೆಟ್ಟರೆ ಯಾರನ್ನೂ ಕೆಡಿಸುವುದಿಲ್ಲ. ಐದು ನಿಮಿಷದಲ್ಲಿ ಮತ್ತೆ ಬದಲಿಸಬಹುದು. ಆದರೆ ವಾಟರ್ ಪಂಪ್, ಕ್ರ್ಯಾಂಕ್ ಸೆನ್ಸರ್, ಸಸ್ಪೆನ್ಷನ್ ಆರ್ಮ್‌ಗೆ ನಕಲು ಬೇಡವೇ ಬೇಡ. ಆರ್ಮ್ ಬದಲಿಸಿದಾಗಲೆಲ್ಲ ವೀಲ್ ಅಲೈನ್‌ಮೆಂಟ್ ಕೂಡ ಮತ್ತೆ ಮಾಡಿಸಬೇಕು ಅನ್ನುವುದನ್ನು ಲೆಕ್ಕಕ್ಕೆ ಸೇರಿಸಿದರೆ ಅಗ್ಗದ್ದೇ ದುಬಾರಿ ಆಗುತ್ತದೆ.

ಗುಜರಿಗೆ ಹೋದ ಕಾರಿನ ಭಾಗ ಇನ್ನೊಂದು ದಾರಿ. ವಯಸ್ಸಾಗದ ವಸ್ತುಗಳಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಗಾಜು, ಬಾಗಿಲು, ಮರದ ಪಟ್ಟಿ, ಸೀಟು, ಸ್ವಿಚ್ಚು, ಅಲಾಯ್ ವೀಲ್. ರಬ್ಬರ್, ಬ್ರೇಕ್, ಬೆಲ್ಟ್, ಏರ್‌ಬ್ಯಾಗ್ ಮಾತ್ರ ಅಲ್ಲಿಂದ ತರಬೇಡಿ. ಕಂಟ್ರೋಲ್ ಯೂನಿಟ್ ತರುವುದಾದರೆ ಪಾರ್ಟ್ ನಂಬರಿನ ಕೊನೆಯ ಅಕ್ಷರದ ತನಕ ಹೊಂದಬೇಕು. ಅದು ಹಳೇ ಕಾರಿಗೆ ಕಟ್ಟಿಹಾಕಿದ ಬಗೆಯದ್ದಾದರೆ ನಿಮ್ಮ ಕಾರಿನಲ್ಲಿ ಏಳುವುದೇ ಇಲ್ಲ. ರೀಬಿಲ್ಡ್ ಮಾಡಿದ ಭಾಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಲ್ಟರ್ನೇಟರ್, ಸ್ಟೀರಿಂಗ್ ರ‍್ಯಾಕ್, ಮೀಟರ್ ಡಿಸ್‌ಪ್ಲೇಗೆ ಅದು ಒಳ್ಳೆಯ ದಾರಿ. ಆದರೆ ನಿಮ್ಮದನ್ನೇ ಸರಿಮಾಡಿ ವಾಪಸ್ ಕೊಡುವವರಿದ್ದರೆ ಅವರನ್ನೇ ಹಿಡಿಯಿರಿ. ಅದಲು ಬದಲು ಪದ್ಧತಿಯಲ್ಲಿ ಯಾರದೋ ಬಳಲಿದ ಭಾಗ ನಿಮ್ಮ ಪಾಲಿಗೆ ಬರಬಹುದು.

ಏರ್ ಸಸ್ಪೆನ್ಷನ್: ಉಳಿಸೋದಾ, ತೆಗೆಯೋದಾ?

ಹಳೇ ಲಕ್ಷುರಿ ಕಾರಿನವರು ಸೇರಿದಲ್ಲಿ ಇದೊಂದು ಮುಗಿಯದ ಜಗಳ. 1998ರಲ್ಲಿ ಬಂದ ಡಬ್ಲ್ಯು220 ಎಸ್ ಕ್ಲಾಸ್‌ನ ಏರ್‌ಮ್ಯಾಟಿಕ್, 2003ರ ಜಾಗ್ವಾರ್ ಎಕ್ಸ್‌ಜೆ, ರೇಂಜ್ ರೋವರ್, ಎಲ್ಲದರಲ್ಲೂ ಕಬ್ಬಿಣದ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ. ಬೆಳಗ್ಗೆ ಎದ್ದು ನೋಡಿದರೆ ಕಾರು ಒಂದು ಮೂಲೆಗೆ ಕುಸಿದು ಕೂತಿರುತ್ತದೆ. ಸ್ಟಾರ್ಟ್ ಮಾಡಿದರೆ ನಿಧಾನಕ್ಕೆ ಏಳುತ್ತದೆ. ಎದ್ದಿತಲ್ಲ ಅಂತ ಓಡಿಸುತ್ತೀರಿ.

ಇಲ್ಲೇ ಆ ಕೋತಿ ಅಡಗಿರುವುದು. ಚೀಲ ಸೋರುತ್ತಿದ್ದರೆ ಗಾಳಿ ತುಂಬುವ ಕಂಪ್ರೆಸರ್ ಹೊತ್ತು ಹೊತ್ತಿಗೂ ಓಡಬೇಕು. ಅದು ಅಷ್ಟು ಓಡಲು ಮಾಡಿದ ಯಂತ್ರವಲ್ಲ. ಬಿಸಿಯಾಗುತ್ತದೆ, ಒಳಗಿನ ರಿಂಗ್ ಸವೆಯುತ್ತದೆ. ಅದಕ್ಕೆ ಕರೆಂಟ್ ಕೊಡುವ ರಿಲೇ ಅಂಟಿಕೊಂಡರಂತೂ ಕಂಪ್ರೆಸರ್ ನಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಚೀಲದ ಸಣ್ಣ ಬಿರುಕು ಕೊನೆಗೆ ಮೂರು ಭಾಗದ ಬಿಲ್ ಆಗುತ್ತದೆ. ಹಾಗಾಗಿ ಕುಸಿದದ್ದು ಕಂಡ ವಾರವೇ ಸೋಪಿನ ನೀರು ಹಿಡಿದು ಹೊರಡಿ. ಸ್ಟ್ಯಾಂಡ್ ಕೊಟ್ಟ ಮೇಲೆ ಚೀಲದ ಮಡಿಕೆ, ಪೈಪಿನ ಜಾಯಿಂಟ್, ಚೀಲಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕ್‌ಗೆ ಹಚ್ಚಿ. ಗುಳ್ಳೆ ಬಂದದ್ದೇ ಸಾಕ್ಷಿ. ಒಂದೇ ಮೂಲೆ ಕುಸಿದರೆ ಅಲ್ಲಿನ ಚೀಲ ಅಥವಾ ಜಾಯಿಂಟ್ ಮೇಲೆ ಅನುಮಾನ. ಬೇರೆ ಬೇರೆ ದಿನ ಬೇರೆ ಬೇರೆ ಮೂಲೆ ಕುಸಿದರೆ ವಾಲ್ವ್ ಬ್ಲಾಕ್ ನೋಡಿ.

ಗಾಳಿ ಚೀಲ ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕುವ ಕಿಟ್‌ಗಳು ಸಿಗುತ್ತವೆ. ಹಾಕಿದ ಮೇಲೆ ಸೋರುವುದಕ್ಕೆ ಏನೂ ಇಲ್ಲ, ನಿಜ. ಆದರೆ ಕಾರಿನ ಸ್ವಭಾವವೇ ಬದಲಾಗುತ್ತದೆ. ಹಿಂದೆ ಭಾರ ಹಾಕಿದಾಗ ತಾನೇ ಎತ್ತರ ಸರಿಮಾಡಿಕೊಳ್ಳುವುದಿಲ್ಲ, ಮೀಟರಿನಲ್ಲಿ ಎಚ್ಚರಿಕೆ ಬರದ ಹಾಗೆ ಏನಾದರೂ ಉಪಾಯ ಮಾಡಬೇಕು, ಮುಂದೆ ಮಾರುವಾಗ ತಿಳಿದವರು ಮೂಗು ಮುರಿಯುತ್ತಾರೆ. ನನ್ನ ಒಲವು ಗಾಳಿಯ ಕಡೆಗೇ. ಆ ನಡಿಗೆಗಾಗಿ ತಾನೇ ಆ ಕಾರು ಕೊಂಡಿದ್ದು? ಅದನ್ನೇ ತೆಗೆದ ಮೇಲೆ ಉಳಿಯುವುದು ತೂಕ ಜಾಸ್ತಿಯ ಒಂದು ಸಾದಾ ಕಾರು. ಉಳಿಸುವುದಾದರೆ ಒಂದೇ ಆಕ್ಸಲ್‌ನ ಎರಡೂ ಚೀಲ ಒಟ್ಟಿಗೆ, ಜೊತೆಗೆ ಹೊಸ ರಿಲೇ. ಆದರೆ ನಾಲ್ಕೂ ಚೀಲ, ಕಂಪ್ರೆಸರ್, ವಾಲ್ವ್ ಬ್ಲಾಕ್ ಎಲ್ಲ ಒಟ್ಟಿಗೆ ಹೋಗಿದ್ದು, ಕಾರನ್ನು ದಿನಾ ಓಡಿಸಲೇಬೇಕು ಅಂತಿದ್ದರೆ ಕಾಯಿಲ್ ಹಾಕಿಸಿದವರನ್ನು ನಾನು ತಪ್ಪು ಅನ್ನುವುದಿಲ್ಲ.

ಈಗಲೇ ಮಾಡೋದಾ, ಕೆಟ್ಟ ಮೇಲಾ?

ಕೂಲಿಂಗ್ ವ್ಯವಸ್ಥೆಯಲ್ಲಿ ಕಾಯುವ ಮಾತೇ ಇಲ್ಲ. 1995ರಿಂದ ಬಂದ ಬಿಎಂಡಬ್ಲ್ಯು ಇ39 5 ಸೀರೀಸ್ ಇದಕ್ಕೆ ಪಾಠದ ಹಾಗೆ. ಕೂಲೆಂಟ್ ತುಂಬುವ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಪ್ಲಾಸ್ಟಿಕ್, ರೇಡಿಯೇಟರಿನ ಕುತ್ತಿಗೆ ಪ್ಲಾಸ್ಟಿಕ್. ಬಿಸಿ, ಒತ್ತಡ ತಿಂದು ತಿಂದು ಅವು ಒಂದು ದಿನ ಸೀಳುತ್ತವೆ. ಜೊತೆಗೆ ಆ ಕಾಲದ ಬಿಎಂಡಬ್ಲ್ಯು ಟೆಂಪರೇಚರ್ ಮುಳ್ಳು ಸ್ವಲ್ಪ ಸುಳ್ಳುಗಾರ. ಉಷ್ಣತೆ ಸಾಕಷ್ಟು ಏರಿಳಿದರೂ ನಡುವಿನಲ್ಲೇ ನಿಲ್ಲುವ ಹಾಗೆ ಅದನ್ನು ಮಾಡಿದ್ದಾರೆ. ಮುಳ್ಳು ಏಳುವುದು ಕಂಡಾಗ ತಡವಾಗಿರುತ್ತದೆ, ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಡೊಂಕಾಗಿರುತ್ತದೆ. ಅದಕ್ಕೇ ಟ್ಯಾಂಕ್, ಥರ್ಮೋಸ್ಟಾಟ್, ವಾಟರ್ ಪಂಪ್, ಮೇಲಿನ ಕೆಳಗಿನ ಹೋಸ್ ಎಲ್ಲ ಒಂದೇ ಸಲ ಬದಲಿಸಿ. ಕೂಲೆಂಟ್ ಹೇಗೂ ಖಾಲಿ ಮಾಡಿದ್ದೀರಿ, ಕೂಲಿ ಒಂದೇ. ತುಂಬುವಾಗ ಬಣ್ಣ ನೋಡಿ ಕೂಲೆಂಟ್ ಆರಿಸಬೇಡಿ. ಬಣ್ಣಕ್ಕೆ ಯಾವ ನಿಯಮವೂ ಇಲ್ಲ, ಡಬ್ಬಿ ಮೇಲಿನ ಮಾನ್ಯತೆ ಸಂಖ್ಯೆ ನೋಡಿ.

ಗೇರ್‌ಬಾಕ್ಸ್ ಎಣ್ಣೆಯ ವಿಷಯಕ್ಕೆ ಬಂದರೆ, ಜೀವಮಾನವಿಡೀ ಬದಲಿಸಬೇಕಿಲ್ಲ ಅಂತ ಕೆಲವು ಕಾರು ಕಂಪನಿಗಳು ಬರೆದಿದ್ದುಂಟು. ಯಾರ ಜೀವಮಾನ ಅಂತ ಕೇಳಬೇಕು. ಗೇರ್‌ಬಾಕ್ಸ್ ಮಾಡುವ ಝಡ್‌ಎಫ್ ತಾನೇ ಹೇಳುವುದು 80,000ದಿಂದ 1,20,000 ಕಿಲೋಮೀಟರ್ ಅಥವಾ 8 ವರ್ಷ. ಮೇಲೆ ಹೇಳಿದ ಮರ್ಸಿಡಿಸ್ 722.6ರಲ್ಲಿ ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ಹಾಕುವ ಕೊಳವೆ ಇದೆ, ಡಿಪ್‌ಸ್ಟಿಕ್ ಇಲ್ಲ! ಮಾಲೀಕ ಇಣುಕಿ ನೋಡಬಾರದು ಅಂತಲೇ ಮಾಡಿದ ಹಾಗಿದೆ. ಹಳೇ ಗೇರ್‌ಬಾಕ್ಸಿಗೆ ಹೊಸ ಎಣ್ಣೆ ಹಾಕಿದರೆ ಕೆಡುತ್ತದೆ ಅಂತ ಹೆದರಿಸುವವರೂ ಇದ್ದಾರೆ. ಆಗಲೇ ಜಾರುತ್ತಿರುವ ಗೇರ್‌ಬಾಕ್ಸನ್ನು ಎಣ್ಣೆ ಬದುಕಿಸುವುದಿಲ್ಲ, ಆ ಸಾವಿಗೆ ಎಣ್ಣೆ ಕಾರಣವೂ ಅಲ್ಲ. ಚೆನ್ನಾಗಿ ಗೇರ್ ಬದಲಿಸುತ್ತಿದ್ದರೆ ಎಣ್ಣೆ, ಫಿಲ್ಟರ್ ಎರಡೂ ಬದಲಿಸಿ. ಮಟ್ಟ ನೋಡುವಾಗ ಎಣ್ಣೆಯ ಉಷ್ಣತೆ ಸರಿಯಾಗಿರಬೇಕು. ಝಡ್‌ಎಫ್ 6ಎಚ್‌ಪಿ ಗೇರ್‌ಬಾಕ್ಸಿಗೆ ಅದು 30ರಿಂದ 50 ಡಿಗ್ರಿ ಸೆಲ್ಸಿಯಸ್ ನಡುವೆ, ಇಂಜಿನ್ ಓಡುತ್ತಿರುವಾಗ. ಇದನ್ನು ಅಳೆಯದೆ ಅಂದಾಜಿನಲ್ಲಿ ತುಂಬಿಸುವವರಿಂದ ದೂರ ಇರಿ.

ಬ್ರೇಕ್ ಎಣ್ಣೆ 2 ವರ್ಷಕ್ಕೊಮ್ಮೆ. ಅದು ಗಾಳಿಯ ತೇವ ಹೀರುತ್ತದೆ, ಆ ತೇವ ಎಬಿಎಸ್ ಯೂನಿಟ್ ಒಳಗೆ ತುಕ್ಕು ಹಿಡಿಸುತ್ತದೆ. ಇದಕ್ಕಿಂತ ಜಾಸ್ತಿ ಹೇಳುವುದು ಬೇಡ, ಮಾಡಿಸಿಬಿಡಿ.

1990ರ ದಶಕದ ಮೊದಲರ್ಧದ ಕೆಲವು ಮರ್ಸಿಡಿಸ್‌ಗಳ ಇಂಜಿನ್ ವೈರಿಂಗ್ ಬೇರೆಯೇ ಕಥೆ. ಮಣ್ಣಲ್ಲಿ ಕರಗುವ ಬಗೆಯ ಹೊದಿಕೆ ಹಾಕಿದ್ದರು. ಅದು ಇಂಜಿನ್ ಬಿಸಿಗೆ ಕಾರಿನಲ್ಲೇ ಉದುರಲು ಶುರುವಾಯಿತು. ಡಬ್ಲ್ಯು124ರ ಕೊನೆಯ ವರ್ಷಗಳ ಕಾರಿನಲ್ಲಿ ಒಂದು ವೈರನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಹೊದಿಕೆ ಪುಡಿಯಾದರೆ ಟೇಪ್ ಸುತ್ತಿ ಪ್ರಯೋಜನ ಇಲ್ಲ. ಬರಿಮೈ ವೈರ್ ಒಂದಕ್ಕೊಂದು ತಾಗಿದರೆ ಕಂಟ್ರೋಲ್ ಯೂನಿಟ್ ಕೂಡ ಸುಡಬಹುದು. ಹೊಸ ಹಾರ್ನೆಸ್ಸೇ, ಅಂದರೆ ಇಡೀ ವೈರಿನ ಕಟ್ಟೇ, ಗತಿ.

ಇನ್ನು ಕಿರಿಕಿರಿಯ ಕೆಲಸಗಳು. ಮೀಟರಿನಲ್ಲಿ ಅಕ್ಷರ ಮಾಸುವುದು, ಸೀಟಿನ ಒಂದು ಮೋಟಾರ್ ನಿಲ್ಲುವುದು, ಹಿಂದಿನ ಪರದೆ ಏಳದಿರುವುದು. ಇವೆಲ್ಲ ಕಾಯಬಹುದು. ಆದರೆ ನಾಲ್ಕೈದು ದೀಪ ಒಟ್ಟಿಗೆ ಹತ್ತಿಕೊಂಡರೆ ಹೆದರುವ ಮೊದಲು ಬ್ಯಾಟರಿ ಅಳೆಯಿರಿ. ವೋಲ್ಟೇಜ್ ಕುಸಿದಾಗ ಈ ಕಾರುಗಳ ಕಂಟ್ರೋಲ್ ಯೂನಿಟ್‌ಗಳು ದೆವ್ವ ಹಿಡಿದ ಹಾಗೆ ಆಡುತ್ತವೆ. ರಾತ್ರಿ ಕಳೆದು ಬ್ಯಾಟರಿ ಸತ್ತಿದ್ದರೆ, ಕಾರು ಲಾಕ್ ಮಾಡಿ ಅರ್ಧ ಗಂಟೆಯಾದರೂ ಬಿಟ್ಟು ಆಮೇಲೆ ಕರೆಂಟ್ ಅಳೆಯಬೇಕು. ಅಷ್ಟರಲ್ಲಿ ಯೂನಿಟ್‌ಗಳೆಲ್ಲ ನಿದ್ದೆ ಹೋಗಿರಬೇಕು. ಸುಮಾರು 0.05 ಆಂಪಿಯರ್‌ಗಿಂತ ಜಾಸ್ತಿ ಇದ್ದರೆ ಯಾವುದೋ ಒಂದು ಎಚ್ಚರವಾಗಿದೆ. ಫ್ಯೂಸ್ ಕಿತ್ತು ನೋಡಬೇಡಿ, ಕಿತ್ತು ಹಾಕಿದರೆ ಮಲಗಿದ್ದವೂ ಏಳುತ್ತವೆ. ಫ್ಯೂಸಿನ ತಲೆಯ ಎರಡು ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಇಟ್ಟುಕೊಳ್ಳೋದಾ, ಬಿಡೋದಾ?

ಇಂಜಿನ್ ಹೋದರೆ ಇನ್ನೊಂದು ಇಂಜಿನ್ ಸಿಗುತ್ತದೆ, ಗೇರ್‌ಬಾಕ್ಸೂ ಸಿಗುತ್ತದೆ. ನಾನು ಹೆದರುವುದು ತುಕ್ಕಿಗೆ. ಮರ್ಸಿಡಿಸ್ ಡಬ್ಲ್ಯು210ರಲ್ಲಿ ಮುಂದಿನ ಸ್ಪ್ರಿಂಗ್ ಆನಿಸಿಕೊಂಡ ಬಟ್ಟಲೇ ತುಕ್ಕು ತಿಂದು ಕಳಚುವುದುಂಟು. ತುಕ್ಕು ಆಳದಲ್ಲಿರುತ್ತದೆ, ಅಕ್ಕಪಕ್ಕಕ್ಕೆ ಹಬ್ಬುತ್ತದೆ, ನೀವು ಕಾರು ಓಡಿಸದಿದ್ದರೂ ಕೆಲಸ ಮಾಡುತ್ತಲೇ ಇರುತ್ತದೆ. ಭಾರ ಹೊರುವ ಜಾಗದಲ್ಲಿ ತುಕ್ಕು ಕಂಡರೆ ಕೊಳ್ಳಬೇಡಿ. ಕೊಂಡಾಗಿದ್ದರೆ ಮೊದಲು ಅದರ ಅಳತೆ ಗೊತ್ತಾಗುವ ತನಕ ಬೇರೆ ಯಾವುದಕ್ಕೂ ದುಡ್ಡು ಹಾಕಬೇಡಿ.

ಮೈ ಗಟ್ಟಿಯಾಗಿದ್ದರೆ ನಾನು ಒಂದು ಪುಸ್ತಕ ತೆಗೆದು ಬಾಕಿ ಕೆಲಸ ಬರೆಯುತ್ತೇನೆ. ಪ್ರತಿಯೊಂದರ ಮುಂದೆ ಆಳ, ಹಾಳು ಎರಡಕ್ಕೂ ಒಂದೊಂದು ಗುರುತು. ಎರಡೂ ಜಾಸ್ತಿ ಇರುವ ಕೆಲಸ ಒಂದಿದ್ದರೆ ಮಾಡಿಸುತ್ತೇನೆ. ಮೂರು ಒಟ್ಟಿಗೆ ಬಂದರೆ, ಕಾರು ಎಷ್ಟೇ ಚೆಂದ ಇದ್ದರೂ, ಮಾರುವ ಮಾತು ಆಡುತ್ತೇನೆ. ಕೊಳ್ಳುವವರಿಗೆ ಆ ಪುಟ ತೋರಿಸಿಯೇ ಮಾರಬೇಕು, ಅದು ಬೇರೆ ವಿಷಯ.

ಈಗ ಆ ಪುಸ್ತಕದಲ್ಲಿ ಒಂದೇ ಸಾಲು ಬಾಕಿ ಇದೆ. ಏಸಿ ಹಾಕಿದಾಗ ಡ್ಯಾಶ್‌ಬೋರ್ಡ್ ಒಳಗೆಲ್ಲೋ ಗಾಳಿ ತಿರುಗಿಸುವ ಸಣ್ಣ ಮೋಟಾರ್ ಟಿಕ್ ಟಿಕ್ ಅನ್ನುತ್ತದೆ. ತುಂಬಾ ಆಳದಲ್ಲಿದೆ. ಯಾರನ್ನೂ ಕೆಡಿಸುತ್ತಿಲ್ಲ. ಡ್ಯಾಶ್‌ಬೋರ್ಡ್ ಬೇರೆ ಯಾವುದಾದರೂ ಕೆಲಸಕ್ಕೆ ಇಳಿಯುವ ದಿನದ ತನಕ ಅದು ಹಾಗೇ ಟಿಕ್ ಅನ್ನುತ್ತಿರಲಿ ಅಂತ ರೇಡಿಯೋ ಸ್ವಲ್ಪ ಜೋರಾಗಿ ಹಾಕಿಕೊಂಡಿದ್ದೇನೆ.